ಫ್ರಿಜ್ಜಿನ ಬೆಳೆ

'ಆಗುವುದಿಲ್ಲ' ಎಂದು ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು. ಆ ಸಿಟ್ಟಿನಲ್ಲೇ ಬಿಎ ಮುಗಿಸಿದೆ, ಸ್ಕೂಟರ್ ಕಲಿತೆ, ಹೈದರಾಬಾದಿನ ಉಪ್ಪಲ್‌ನ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ರಿಸೆಪ್ಷನ್ ಕೆಲಸ ಹಿಡಿದೆ. ಕೊರಿಡಾಲಿಸ್ ಎಂಬ ಹೂಗಿಡದ ಗಡ್ಡೆ ತರಿಸಿದ್ದೂ ಅದೇ ಸಿಟ್ಟಿನಲ್ಲಿ. ಫೋನಿನಲ್ಲಿ ಒಂದು ಚಿತ್ರ ನೋಡಿದ್ದೆ: ಕರಗುತ್ತಿರುವ ಹಿಮದ ಪಕ್ಕ ಗೇಣುದ್ದದ ಗಿಡ, ಕೊತ್ತಂಬರಿಯಂಥ ಎಲೆ, ದಂಟಿನ ತುಂಬ ನೇರಳೆ ಬಣ್ಣದ ಪುಟ್ಟ ಹೂಗಳು, ಪ್ರತಿಯೊಂದಕ್ಕೂ ಹಿಂದೊಂದು ಬಾಲ. ಗಡ್ಡೆ ಮಾರುವ ಹಿಮಾಚಲದವನಿಗೆ ಫೋನ್ ಮಾಡಿದೆ. "ಹೈದರಾಬಾದ್? ರೆಹನೇ ದೀಜಿಯೇ, ಮ್ಯಾಡಮ್" ಎಂದ. ಬಿಟ್ಟುಬಿಡಿ ಎಂದು ಅವನು ಹೇಳದೇ ಇದ್ದಿದ್ದರೆ ನಾನೇ ಬಿಟ್ಟುಬಿಡುತ್ತಿದ್ದೆನೋ ಏನೋ.

ಮೊದಲ ವರ್ಷ ಗಡ್ಡೆಗಳನ್ನು ನೇರವಾಗಿ ಟೆರೇಸಿನ ಕುಂಡದಲ್ಲಿ ಊರಿದೆ. ಅಕ್ಟೋಬರಿನ ಬಿಸಿಲಿಗೆ ಒಳಗೊಳಗೇ ಕೊಳೆತವು. ಆಮೇಲೆ ಓದಿ ತಿಳಿದುಕೊಂಡೆ: ಚಳಿ ಉಣ್ಣದೆ ಈ ಗಡ್ಡೆ ಏಳುವುದಿಲ್ಲ. ಮೂರು ತಿಂಗಳು ಹಸಿ ಮಣ್ಣಿನಲ್ಲಿ, ಕೊರೆಯುವ ಚಳಿಯಲ್ಲಿ ಮಲಗಿ ಬೇರು ಬಿಡಬೇಕು. ಹೊರಗೆ ತಂದು ತುಸು ಬೆಚ್ಚಗಿಟ್ಟರೆ ವಸಂತ ಬಂತೆಂದು ನಂಬಿ ತಲೆ ಎತ್ತುತ್ತದೆ. ನಮ್ಮ ಕುಷಾಯಿಗೂಡದಲ್ಲಿ ಅಂಥ ಚಳಿ ಇರುವುದು ಒಂದೇ ಕಡೆ, ಫ್ರಿಜ್ಜಿನಲ್ಲಿ.

ಫ್ರಿಜ್ಜು ನಮ್ಮ ಅತ್ತೆ ಹಂಪಮ್ಮನವರ ರಾಜ್ಯ. ಭಾಲ್ಕಿ ಬಿಟ್ಟು ಮಗನ ಜೊತೆ ಇಲ್ಲಿಗೆ ಬಂದ ದಿನದಿಂದ ಹಾಲೆಲ್ಲಿ, ಹೆಪ್ಪೆಲ್ಲಿ, ಖಾರದ ಹಿಂಡಿಯ ಡಬ್ಬಿ ಎಲ್ಲಿ ಎಂದು ತೀರ್ಮಾನ ಮಾಡುವವರು ಅವರೇ. ಮರುವರ್ಷ ಹೊಸ ಗಡ್ಡೆ ತರಿಸಿ, ತರಕಾರಿಯ ಟ್ರೇ ತೆಗೆದು, ಆ ಜಾಗದಲ್ಲಿ ಮಣ್ಣು ತುಂಬಿದ ಕುಂಡ ಇಟ್ಟಾಗ ಅವರು ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಹಾಲಿನ ಬಾಜೂಕ ಮಣ್ಣೇನ ಬೇ? ಇದನ್ನ ತಿನ್ನಾಕ ಬರ್ತೈತೇನು?"

"ಇಲ್ರಿ ಅತ್ತಿ. ತಿಂದ್ರ ವಿಷ ಅದು."

"ತಲ್ಯಾಗ ಮುಡಿಯಾಕ?"

"ಭಾಳ ಗಿಡ್ಡ ಐತ್ರಿ. ಬರಂಗಿಲ್ಲ."

"ಮತ್ತ ಯಾಕ ಬೇಕು?"

"ನನಗ ನೋಡಾಕ ಬೇಕ್ರಿ."

ಇದಕ್ಕಿಂತ ದೊಡ್ಡ ಅಪರಾಧ ನಮ್ಮ ಮನೆಯಲ್ಲಿ ಇನ್ನೊಂದಿಲ್ಲ. ನಾನು ತಂದದ್ದೆಲ್ಲ ಇಷ್ಟು ವರ್ಷ ಯಾರಿಗೋ ಉಪಯೋಗಕ್ಕೆ ಬಂದಿದೆ. ನನ್ನ ಸಂಬಳ, ನನ್ನ ಸ್ಕೂಟರ್, ನನ್ನ ರವಿವಾರ ಕೂಡ. ನನಗೆ ನೋಡುವುದಕ್ಕೆಂದೇ ಒಂದು ಬೇಕು ಎಂದದ್ದು ಇದೇ ಮೊದಲು. ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಿಂದ ಬಂದ ನನ್ನ ಗಂಡ ಶರಣಕುಮಾರ, ಫ್ರಿಜ್ಜಿನಲ್ಲಿ ಜಾಗವಿಲ್ಲದೆ ನೆಲದ ಮೇಲೆ ಬಾಡುತ್ತಿದ್ದ ಬದನೆಕಾಯಿ ನೋಡಿ, "ಹೊಟ್ಟಿಗಿ ಹಿಟ್ಟಿಲ್ಲ, ಜುಟ್ಟಿಗಿ ಮಲ್ಲಿಗಿ ಹೂ" ಎಂದು ನಕ್ಕರು. ದಸರೆಗೆ ಬಂದ ನೆಂಟರ ಎದುರಿಗೂ ಅದನ್ನೇ ಹೇಳಿ ನಗಿಸಿದರು. ನನಗೆ ಉರಿದುಹೋಯಿತು.

"ಅರಳಿಸಿ ತೋರಿಸ್ತೀನಿ" ಎಂದೆ.

"ಈ ವರ್ಷ ಅರಳಲಿಲ್ಲಂದ್ರ?" ಎಂದರು ನನ್ನ ಗಂಡ.

"ಅರಳಲಿಲ್ಲಂದ್ರ ಇನ್ನ ಮುಂದ ಫ್ರಿಜ್ಜಿನ್ಯಾಗ ಮಣ್ಣು ಇಡಂಗಿಲ್ಲ. ಈ ಗಡ್ಡಿ ಹೆಸರೂ ಎತ್ತಂಗಿಲ್ಲ."

ಅಷ್ಟು ಜನರ ಮುಂದೆ ಆಡಿದ ಮಾತು. ಅತ್ತೆ ಅದನ್ನು ಸೆರಗಿಗೆ ಗಂಟು ಹಾಕಿಕೊಂಡರು. ದಿನಾ ಫ್ರಿಜ್ಜು ತೆಗೆಯುವಾಗ, "ಎದ್ದಾನೇನ ನಿನ್ನ ಕುಂಭಕರ್ಣ?" ಎಂದು ಕುಂಡವನ್ನು ಇಣುಕಿ ನೋಡುವುದು ಅವರಿಗೆ ಅಭ್ಯಾಸವಾಯಿತು. ನಾನು ಮಣ್ಣು ಒಣಗದಂತೆ ಚಮಚದಲ್ಲಿ ನೀರು ಹಾಕಿದೆ, ಪಕ್ಕದಲ್ಲಿ ಯಾರಾದರೂ ಮಾಗಿದ ಸೀತಾಫಲ ಇಟ್ಟರೆ ಜಗಳ ಮಾಡಿ ತೆಗೆಸಿದೆ. ಹಣ್ಣಿನ ಗಾಳಿಗೆ ಒಳಗಿನ ಮೊಗ್ಗು ಕರಗುತ್ತದಂತೆ.

ಡಿಸೆಂಬರಿನಲ್ಲಿ ಕುಂಡವನ್ನು ಹೊರಗೆ ತೆಗೆದು ಟೆರೇಸಿನ ನೀರಿನ ಟ್ಯಾಂಕಿನ ನೆರಳಿಗೆ ಒಯ್ದಿಟ್ಟೆ. ವಾರ ಕಳೆಯುವುದರಲ್ಲಿ ಮಣ್ಣು ಬಿರಿಯಿತು. ತಲೆ ಬಗ್ಗಿಸಿಕೊಂಡ ಐದು ಮೊಳಕೆಗಳು ಮೇಲೆ ಬಂದವು. ಯಾರಿಗೂ ಹೇಳಲಿಲ್ಲ. ಅರಳುವ ಮೊದಲೇ ಬೀಗಿದರೆ ದೃಷ್ಟಿಯಾಗುತ್ತದೆ ಎಂಬುದನ್ನು ನಾನೂ ಒಳಗೊಳಗೇ ನಂಬುತ್ತೇನೆ.

ಎಳ್ಳಮಾವಾಸ್ಯೆಯ ದಿನ ನನಗೆ ರಜೆ ಸಿಗಲಿಲ್ಲ. ನಮ್ಮ ಕಡೆ ಅಂದು ಕಾಳು, ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ, ಕಡಬು, ಸಜ್ಜೆ ರೊಟ್ಟಿ, ಅಂಬಲಿ ಮಾಡಿ, ಹೊಲಕ್ಕೆ ಹೋಗಿ, ಆ ಅಡುಗೆಯನ್ನೇ ಚರಗವೆಂದು ನಿಂತ ಬೆಳೆಗೆ ಚೆಲ್ಲಿ ಬಂದು ಉಣ್ಣುತ್ತಾರೆ. ಭೂಮಿತಾಯಿ ಬಸುರಿ, ಅವಳಿಗೆ ಉಣಿಸಬೇಕು. ಇಲ್ಲಿ ಹೊಲವೆಲ್ಲಿ? ಅತ್ತೆ ಪ್ರತಿ ವರ್ಷ ಕೆಳಗೆ ಗೇಟಿನ ಹತ್ತಿರದ ಬೇವಿನ ಮರದ ಬುಡಕ್ಕೆ ಚೆಲ್ಲಿ ಬರುತ್ತಿದ್ದರು. ಸಂಜೆ ನಾನು ಬಂದು ಟೆರೇಸಿಗೆ ಹೋದರೆ ಕುಂಡದ ತುಂಬ ಅಂಬಲಿ. ಅದರಲ್ಲಿ ಕಡಬಿನ ಚೂರು, ಭಜ್ಜಿಯ ಕಾಳು. ಉಪ್ಪು, ಹುಳಿ ಎಲ್ಲ ಬೇರಿಗೆ ಇಳಿದಿತ್ತು. ಮೊಳಕೆಗಳು ಮಲಗಿದ್ದವು. ಇರುವೆಗಳಿಗೆ ಮಾತ್ರ ಹಬ್ಬ.

ನಾನು ಕೂಗಿದ್ದಕ್ಕೆ ಇಬ್ಬರೂ ಓಡಿ ಮೇಲೆ ಬಂದರು.

"ಯಾರು ಮಾಡಿದ್ದಿದು?"

"ನಾನಽ" ಎಂದರು ಅತ್ತೆ. "ಬೆಳಿಗಿ ಚರಗ ಚೆಲ್ಲಬೇಕೋ ಬ್ಯಾಡೋ? ಬೇವಿನ ಗಿಡ ಬೆಳಿ ಏನ ಬೇ? ನಮ್ಮ ಮನ್ಯಾಗ ಬಿತ್ತಿ ಚಿಗತಿದ್ದು ಇದೊಂದಽ."

ಸಿಟ್ಟು ಕಡಿಮೆಯಾಗಲಿಲ್ಲ, ಅದನ್ನು ಯಾರ ಮೇಲೆ ಹಾಕುವುದೆಂದು ತಿಳಿಯದೆ ಕಣ್ಣಲ್ಲಿ ನೀರು ಬಂತು.

"ಮುಗೀತು ಬಿಡು ರೇಣುಕಾ" ಎಂದರು ನನ್ನ ಗಂಡ. "ಅವ್ವ ಬೇಕಂತ ಮಾಡಿಲ್ಲ. ಇನ್ನೇನು ಬರಂಗಿಲ್ಲ ಅದು."

ಬರಂಗಿಲ್ಲ! ಆ ಮಾತು ಕೇಳಿದ್ದೇ ತಡ, ಕಣ್ಣೊರೆಸಿಕೊಂಡು ಕುಂಡವನ್ನು ಬೋರಲು ಹಾಕಿದೆ. ಗಡ್ಡೆಗಳನ್ನು ಬೇರುಸಹಿತ ಎತ್ತಿ, ಫ್ರಿಜ್ಜಿನ ಬಾಟಲಿಯ ತಣ್ಣೀರಿನಲ್ಲಿ ತೊಳೆದೆ. ಹೊಸ ಮಣ್ಣು, ಹೊಸ ಮರಳು. ಕುಂಡದ ಸುತ್ತ ಮಂಜುಗಡ್ಡೆ ಸುರಿದೆ. ಅತ್ತೆ ಕೆಳಗಿಳಿದು ಹೋಗಿ ಇನ್ನೊಂದು ಬಾಟಲಿ ತಂದು ನನ್ನ ಪಕ್ಕ ಇಟ್ಟರು. ನಾನು ಅವರತ್ತ ನೋಡಲಿಲ್ಲ.

ನಾಲ್ಕು ಸತ್ತವು. ಒಂದು, ಎಲ್ಲಕ್ಕಿಂತ ಸಣ್ಣದು, ಸಾಯಲು ಒಪ್ಪಲಿಲ್ಲ. ಮಲಗಿದಲ್ಲೇ ಮತ್ತೊಂದು ಎಲೆ ಬಿಚ್ಚಿತು, ಕತ್ತು ಎತ್ತಿತು, ಸಂಕ್ರಾಂತಿಯ ಗಾಳಿಪಟಗಳು ಇನ್ನೂ ತಂತಿಯಲ್ಲಿ ತೂಗುತ್ತಿದ್ದಾಗ ಒಂದು ಬೆಳಿಗ್ಗೆ ಅರಳಿತು. ಬೆರಳುದ್ದದ ದಂಟು, ಅದರಲ್ಲಿ ಬೆರಳೆಣಿಕೆಯ ನೇರಳೆ ಹೂಗಳು, ಬಾಲ ಸಹಿತ. ಗಂಡನನ್ನು ಎಬ್ಬಿಸಿ ಎಳೆದುಕೊಂಡು ಬಂದೆ. ಅವರು ಬಗ್ಗಿ ನೋಡಿ, "ಅಲಲಾ! ಸೋತೆ ಮಾರಾಯ್ತಿ. ಫ್ರಿಜ್ಜು ನಿಂದಽ" ಎಂದರು. ಗೆದ್ದ ಖುಷಿಗೆ ನನಗೆ ಕುಣಿಯಬೇಕೆನಿಸಿತು.

ಅಷ್ಟರಲ್ಲಿ ಅತ್ತೆ ಸ್ನಾನ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಹೂವಿನ ಬುಟ್ಟಿ ಹಿಡಿದು ಬಂದರು. ಟೆರೇಸಿನ ದಾಸವಾಳ ಬಿಡಿಸುವುದು ಅವರ ನಿತ್ಯದ ಕೆಲಸ. ದಾಸವಾಳ ಬಿಟ್ಟು ಟ್ಯಾಂಕಿನ ಕಡೆ ಬಂದು, ಹೂ ನೋಡಿ, ನಿಂತರು. ಬಾಯಿ ಅರಳಿತು. ಕೈ ಮುಂದೆ ಬಂತು.

"ಅತ್ತಿ, ಹರೀಬ್ಯಾಡ್ರಿ."

"ದೇವರಿಗಿ ಬೇ."

"ದೇವರಿಗೂ ಕೊಡಂಗಿಲ್ಲ."

"ರೇಣುಕಾ!" ಎಂದರು ನನ್ನ ಗಂಡ.

ನಾನು ಕುಂಡಕ್ಕೆ ಅಡ್ಡ ಹೋಗಿ ನಿಂತೆ. "ಬೇಕಂದ್ರ ದೇವರಽ ಇಲ್ಲಿಗಿ ಬಂದು ನೋಡ್ಲಿ. ನಾ ಇದನ್ನ ಯಾರಿಗೂ ಹರಿಯಾಕ ಬಿಡಂಗಿಲ್ಲ."

ಬೈಗುಳ ಬರುತ್ತದೆಂದು ಕಾದೆ. ಅತ್ತೆ ಬುಟ್ಟಿ ಕೆಳಗಿಟ್ಟು, ಮೊಣಕಾಲು ಹಿಡಿದುಕೊಂಡು ನಿಧಾನಕ್ಕೆ ಕುಂಡದ ಎದುರು ಕುಳಿತರು. ಕೊರಳಲ್ಲಿದ್ದ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡಗೈಯಲ್ಲಿ ಇಟ್ಟುಕೊಂಡರು.

"ಬರಂಗಿಲ್ಲಂತ ಯಾರಂದ್ರು?" ಎಂದರು. "ನನ್ನ ದೇವರೇನು ಗುಡ್ಯಾಗ ಕುಂತಾನೇನು? ನಾ ಹೋದಲ್ಲಿ ಬರ್ತಾನ."

ಅಂಗೈಯನ್ನು ಹೂವಿನ ಮಗ್ಗುಲಿಗೇ ಒಯ್ದರು. ಗಾಳಿಗೆ ದಂಟು ಬಾಗಿದಾಗ ಒಂದು ಹೂವು ಲಿಂಗಕ್ಕೆ ತಾಗಿತು. ಅವರು ಕಣ್ಣು ಮುಚ್ಚುವ ಮೊದಲು ನನ್ನನ್ನು ಗದರಿದರು.

"ಸುಮ್ಮ ನಿಂತೀ ಯಾಕ? ಬಿಸಲ ಬಂತು. ಹೂ ಬಾಡ್ತೈತಿ, ಅಡ್ಡ ನಿಂದ್ರು."

ನಾನು ಸೆರಗು ಅಗಲ ಮಾಡಿ ಹಿಡಿದು, ಅವರ ಪೂಜೆ ಮುಗಿಯುವವರೆಗೂ ಬಿಸಿಲಿಗೆ ಅಡ್ಡ ನಿಂತೆ.