ವಿನೋದಿನಿಯ ಗ್ಲಾಸು

ಈಚಲ ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದರೂ ಜನ ಹೆಂಡವೆನ್ನುತ್ತಾರಂತೆ. ವಿನೋದಿನಿಯದು ಇದರ ಉಲ್ಟಾ. ಮುಂಬಯಿಯ ಬೊರಿವಲಿಯ ಬಿಲ್ಡಿಂಗೊಂದರ ಮೂರನೇ ಮಾಳಿಗೆಯಲ್ಲಿ, ದೇವರ ಫೋಟೋಗಳ ಎದುರಿನ ಸೋಫಾದಲ್ಲೇ ಕುಳಿತು ಆಕೆ ವರ್ಷಗಟ್ಟಲೆ ಕೊನ್ಯಾಕ್ ಎಂಬ ಫ್ರೆಂಚ್ ಬ್ರಾಂದಿಯ ರುಚಿ ನೋಡಿದಳು. ಭಜನಾ ಮಂಡಳಿಯ ಒಬ್ಬರಿಗೂ ಅನುಮಾನ ಬರಲಿಲ್ಲ. ಕುಂಕುಮ ಇಟ್ಟ ಹೆಂಗಸಿನ ಕೈಯಲ್ಲಿ ಏನಿದ್ದರೂ ಅದು ಕಷಾಯವೇ ಎಂದು ನಂಬುವ ಜನ ನಾವು.

ಈ ರುಚಿ ಹತ್ತಿಸಿದವನು ಗಂಡ ಅಣ್ಣು. ವಿಲೆ ಪಾರ್ಲೆಯ ದೊಡ್ಡ ಹೋಟೆಲೊಂದರಲ್ಲಿ ಬಾರ್ ಮ್ಯಾನೇಜರ್ ಆಗಿದ್ದ ಅವನು ಹಳೆಯ ಕೊನ್ಯಾಕ್‌ಗಳ ಪರಿಮಳಗಳನ್ನು ಪುಸ್ತಕ ನೋಡಿ ಬಾಯಿಪಾಠ ಮಾಡಿದ್ದ: ಅಂಜೂರ, ಅಕ್ರೋಟು, ಸಿಗಾರಿನ ಪೆಟ್ಟಿಗೆ. ಒಮ್ಮೆ ಒಂದು ಗುಟುಕು ಮನೆಗೆ ತಂದು ಹೆಂಡತಿಯ ಮೂಗಿಗೆ ಹಿಡಿದ. ವಿನೋದಿನಿ ಕಣ್ಣು ಮುಚ್ಚಿ, "ಒಣಗಿಸಿದ ಮಾವಿನ ಮಾಂಬಳ. ಹೊಗೆ ಹಿಡಿದ ಅಟ್ಟ. ಮತ್ತೆ ಅಮ್ಮನ ಪೆಟ್ಟಿಗೆಯ ಪಟ್ಟೆ ಸೀರೆ" ಎಂದಳು. ಅಣ್ಣು ಮತ್ತೆ ಮೂಸಿದ. ಹೌದು, ಎಲ್ಲವೂ ಅಲ್ಲೇ ಇದ್ದವು. ಅಲ್ಲಿಂದ ಮುಂದೆ, ಅವಳು ಹೇಳಿದ ಮೇಲೆಯೇ ಅವನ ಮೂಗಿಗೆ ಏನಾದರೂ ಸಿಗುತ್ತಿತ್ತು.

ಭಾನುವಾರ ಊಟವಾದ ಮೇಲೆ ಇಬ್ಬರಿಗೂ ಒಂದೊಂದು ಚಮಚೆಯಷ್ಟು. ಕುಡಿಯುವುದಕ್ಕಿಂತ ಕಾಯುವುದೇ ಹೆಚ್ಚು. ಗ್ಲಾಸನ್ನು ಅಂಗೈಯಲ್ಲಿ ಬೆಚ್ಚಗೆ ಹಿಡಿಯುವುದು, ಮೊದಲು ದೂರದಿಂದ, ಆಮೇಲೆ ಹತ್ತಿರದಿಂದ ಮೂಸುವುದು, ನಾಲಿಗೆಯ ಮೇಲಿಟ್ಟು ಸುಮ್ಮನಿರುವುದು. ಗ್ಲಾಸನ್ನು ಅಂದೇ ತೊಳೆಯುವಂತಿಲ್ಲ. ಖಾಲಿ ಗ್ಲಾಸಿನಲ್ಲಿ ಪರಿಮಳ ಮರುದಿನವೂ ಉಳಿಯುತ್ತದೆ. ಸೋಮವಾರ ದೋಸೆ ಹೊಯ್ಯುವ ಮೊದಲು ವಿನೋದಿನಿಗೆ ಅದನ್ನು ಮೂಸಲೇಬೇಕು. ಮಗಳು ಯಕ್ಷಿತಾಳನ್ನು ಬಿಟ್ಟರೆ ಇದು ಯಾರಿಗೂ ಗೊತ್ತಿರಲಿಲ್ಲ. ಊರಿನಿಂದ ಬಂದ ತನ್ನ ತಾಯಿ ದೇವಕ್ಕನಿಗೆ ಒಂದು ಮಳೆಗಾಲ ಕೆಮ್ಮು ಹಿಡಿದಾಗ, ವಿನೋದಿನಿ ಜೇನಿಗೆ ನಾಲ್ಕು ಹನಿ ಸೇರಿಸಿ ಕೆಮ್ಮಿನ ಮದ್ದೆಂದು ನೆಕ್ಕಿಸಿ, ಅಡುಗೆಮನೆಯಲ್ಲಿ ಸೆರಗು ಬಾಯಿಗಿಟ್ಟು ನಕ್ಕಿದ್ದಳು.

ಅಣ್ಣು ನಿವೃತ್ತನಾದಾಗ ಹೋಟೆಲಿನವರು ಐವತ್ತು ವರ್ಷ ಓಕ್ ಪೀಪಾಯಿಯಲ್ಲಿ ಹಣ್ಣಾದ ಒಂದು ಬಾಟಲಿ ಕೊನ್ಯಾಕ್ ಕೊಟ್ಟರು. ಒಳ್ಳೆಯ ದಿನ ನೋಡಿ ತೆರೆಯೋಣವೆಂದು ಅದನ್ನು ಅಕ್ಕಿ ಡಬ್ಬಿಯ ಹಿಂದೆ ಇಟ್ಟರು. ಒಳ್ಳೆಯ ದಿನ ಬರುವ ಮೊದಲೇ ವಿನೋದಿನಿಗೆ ಹೊಟ್ಟೆಯ ಕಾಯಿಲೆ ಬಂತು. ಆಸ್ಪತ್ರೆಯಲ್ಲಿ ನೀರೂ ಇಳಿಯದಾದಾಗ, ಹತ್ತಿಯಲ್ಲಿ ಅದರ ಒಂದು ಹನಿ ತಂದು ಮೂಗಿಗಾದರೂ ಹಿಡಿಯಿರಿ ಎಂದು ಕೇಳಿದಳು. ನರ್ಸ್ ಏನೆಂದುಕೊಂಡಾಳು ಎಂದು ಹೆದರಿದ ಅಣ್ಣು, ಮನೆಗೆ ಬಾ, ಒಟ್ಟಿಗೆ ಕುಡಿಯೋಣ ಎಂದ. ಅವಳು ಮನೆಗೆ ಬರಲಿಲ್ಲ.

ತುಳುನಾಡಿನ ಈ ಮನೆಯವರು ಉತ್ತರಕ್ರಿಯೆಯ ಸಂಜೆ ಸತ್ತವರಿಗೆ ಎಲೆ ಹಾಕಿ ಬಡಿಸುತ್ತಾರೆ. ಇಷ್ಟವಾದದ್ದನ್ನೆಲ್ಲ ಇಟ್ಟು, ದೀಪ ಹಚ್ಚಿ, ಬಾಗಿಲು ಮುಚ್ಚುತ್ತಾರೆ. ಸತ್ತವರು ಬಂದು ಉಣ್ಣುತ್ತಾರೆ. ಬಾಗಿಲು ತೆರೆದರೆ ಊಟ ಮುಗಿಯಿತು, ಮತ್ತೆ ಬಡಿಸುವಂತಿಲ್ಲ. ಗಂಡಸರಿಗಾದರೆ ಕಳ್ಳೋ ಬ್ರಾಂದಿಯೋ ಇಡುವುದು ಮಾಮೂಲು. ಹೆಂಗಸರಿಗೆ ಸೀರೆ, ಹೂವು, ವೀಳ್ಯ.

ಬೆಡ್‌ರೂಮಿನಲ್ಲಿ ದೇವಕ್ಕ ತಾನೇ ಬಡಿಸಿದಳು. ಕೋರಿ ರೊಟ್ಟಿ, ಪತ್ರೊಡೆ, ಬಂಗುಡೆಯ ಪುಳಿಮುಂಚಿ. ನೀರಿನ ಲೋಟದ ಪಕ್ಕದಲ್ಲಿ ಯಾರೋ ಹಪ್ಪಳ ಇಡಹೋದಾಗ ಅವರ ಕೈ ಸರಿಸಿದಳು. ಆಮೇಲೆ ಅಳಿಯನ ಮುಖ ನೋಡಿ, ಇನ್ನೇನಾದರೂ ಇಡುವುದುಂಟಾ ಎಂದು ಕೇಳಿದಳು.

ಅಡುಗೆಮನೆಯಲ್ಲಿ ಯಕ್ಷಿತಾ ಆಗಲೇ ಬಾಟಲಿಯ ಬಿರಡೆ ತೆಗೆದು ಅಮ್ಮನ ಗ್ಲಾಸಿಗೆ ಎರೆದಿದ್ದಳು. "ಪಪ್ಪಾ, ಮಮ್ಮಿದು ಇಡಿ ನಾ. ಲಾಸ್ಟ್ ಮೇ ವಹೀ ಮಾಂಗಾ ಥಾ, ಕೊನೆಗೆ ಕೇಳಿದ್ದು ಅದನ್ನೇ ಅಲ್ವಾ," ಎಂದಳು.

ಅಣ್ಣು ಗ್ಲಾಸನ್ನು ಹಿಡಿದು ಅಡುಗೆಮನೆಯ ಬಾಗಿಲ ತನಕ ಬಂದ. ಹಾಲ್ ತುಂಬ ನೆಂಟರು. ಭಜನಾ ಮಂಡಳಿಯ ಹೆಂಗಸೊಬ್ಬರು, ವಿನೋದಿನಿಯಂಥವಳು ಸಿಗುವುದಿಲ್ಲ, ಹೊರಗೆ ಒಂದು ಟೀ ಕೂಡ ಮುಟ್ಟಿದವಳಲ್ಲ ಎಂದು ಕಣ್ಣೊರೆಸಿಕೊಳ್ಳುತ್ತಿದ್ದರು. ಹೆಂಡತಿಯ ಮಾನ ಕಾಯುತ್ತಿದ್ದೇನೆ ಎಂದು ಅಣ್ಣು ತನಗೇ ಹೇಳಿಕೊಂಡ. ಕಾದದ್ದು ತನ್ನ ಮಾನವನ್ನು. ಗ್ಲಾಸನ್ನು ಫ್ರಿಜ್ಜಿನ ಮೇಲಿಟ್ಟು ಹೊರಬಂದು, ಇನ್ನೇನಿಲ್ಲ, ಬಾಗಿಲು ಹಾಕಿ ಎಂದ.

ದೇವಕ್ಕ ಎಲೆಯನ್ನೊಮ್ಮೆ ನೋಡಿ, ಬಾಗಿಲು ಎಳೆದಳು.

ಎಲ್ಲರೂ ಹೊರಗೆ ಕುಳಿತರು. ದೂರದಲ್ಲಿ ಲೋಕಲ್ ಟ್ರೈನ್ ಹೋಗುವ ಸದ್ದು. ಒಳಗೆ ವಿನೋದಿನಿ ಪತ್ರೊಡೆಯನ್ನೂ ಮೀನನ್ನೂ ಬಿಟ್ಟು ಒಂದನ್ನೇ ಹುಡುಕುತ್ತಿದ್ದಾಳೆ ಎಂದು ಅಣ್ಣುವಿಗೆ ಅನ್ನಿಸಿತು. ಇಟ್ಟುಬಿಡೋಣ ಎಂದು ಎದ್ದ. ಹತ್ತಾರು ಮುಖಗಳು ಇವನತ್ತ ತಿರುಗಿದವು. ನೀರು ಕುಡಿದು ಬಂದು ಕುಳಿತ. ಅಷ್ಟರಲ್ಲಿ ದೇವಕ್ಕ ಕೆಮ್ಮಿ, ಬಾಗಿಲು ತಟ್ಟಿ, ತೆರೆದಳು.

ನೆಂಟರು ಉಂಡು ಹೋದ ಮೇಲೆ ದೇವಕ್ಕ ಅಡುಗೆಮನೆಗೆ ಬಂದಳು. ಫ್ರಿಜ್ಜಿನ ಮೇಲಿನ ಗ್ಲಾಸನ್ನು ತೆಗೆದು ಮೂಸಿದಳು.

"ನನ್ನ ಕೆಮ್ಮಿನ ಮದ್ದು ಇದೇ ಅಲ್ವಾ?" ಎಂದಳು. ವಿನೋದಿನಿ ಸಣ್ಣವಳಿದ್ದಾಗ ಅಪ್ಪ ಇಳಿಸಿ ತಂದ ಕಳ್ಳನ್ನು ಮೂಸಿಯೇ ಯಾವ ಮರದ್ದೆಂದು ಹೇಳುತ್ತಿದ್ದಳು ಎಂದು ದೇವಕ್ಕ ನೆನಪು ಮಾಡಿದಳು. "ಹೆತ್ತವಳಿಗೆ ಗೊತ್ತಾಗುದಿಲ್ವಾ ಮಾರಾಯ? ನೀನು ಇಡ್ತಿ ಅಂತ ಎಲೆಯಲ್ಲಿ ಜಾಗ ಬಿಟ್ಟಿದ್ದೆ."

ಅಣ್ಣು ತಟ್ಟನೆ ಕೈ ಚಾಚಿ, ಈಗಲೇ ಇಟ್ಟು ಬರುತ್ತೇನೆ ಎಂದ.

ದೇವಕ್ಕ ಗ್ಲಾಸನ್ನು ಅವನ ಕೈಗೆ ಕೊಟ್ಟಳು. "ಬಾಗಿಲು ತೆಗ್ದಾಯ್ತಲ್ಲ ಅಣ್ಣು. ಅವಳು ಎದ್ದು ಹೋದ್ಲು."

ಅವನು ಅದನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗಾಗುವವರೆಗೆ ಕಾದ. ಮೊದಲು ದೂರದಿಂದ, ಆಮೇಲೆ ಹತ್ತಿರದಿಂದ ಮೂಸಿದ. ಸಾರಾಯಿಯ ಘಾಟು ಬಿಟ್ಟರೆ ಅದರಲ್ಲಿ ಏನೂ ಇರಲಿಲ್ಲ.