ಜಾಲಿಮರದ ಇಳುಕಲು

ಶಾವಂತ್ರೆವ್ವ ನನ್ನನ್ನು ಅಂಗಳದಲ್ಲಿ ತಲೆಕೆಳಗು ನಿಲ್ಲಿಸಿ, ಹಳೆಯ ಸೀರೆಯ ಚೂರನ್ನು ಸೀಮೆಎಣ್ಣೆಯಲ್ಲಿ ಅದ್ದಿ, ನನ್ನ ಚೈನು ಒರೆಸುತ್ತಿದ್ದಳು. ಎಂದೂ ನನ್ನನ್ನು ಮುಟ್ಟದವಳು. ಪ್ರೀತಿ ಉಕ್ಕಿ ಒರೆಸುತ್ತಿದ್ದಾಳೆ ಎಂದುಕೊಳ್ಳಬೇಡಿ. ಅಂದು ಗುಜರಿಯ ದಸ್ತಗೀರ ಬರುವ ದಿನ. ಮಸಿ ಹಿಡಿದ ಸೈಕಲ್ಲನ್ನು ಹೇಗೆ ಕೊಡುವುದು ಎಂದು ತೊಳೆಯಲು ಕುಳಿತಿದ್ದಳು. ಓಣಿಯಲ್ಲಿ ಗಾಡಿಯ ಸಪ್ಪಳವಾದಾಗಲೆಲ್ಲ ನನ್ನ ಗಾಲಿಯ ಕಡ್ಡಿಗಳು ನಡುಗುತ್ತಿದ್ದವು.

ನಾನು ಒಂದು ರೇಸ್ ಸೈಕಲ್ಲು. ಕಾರ್ಖಾನೆಯಲ್ಲಿ ಹುಟ್ಟಿದ್ದಲ್ಲ. ವಿಜಯಪುರದ ರಾಜೇಸಾಬ ತನ್ನ ಅಂಗಡಿಯಲ್ಲಿ ಮುರಿದ ಮೂರು ಸೈಕಲ್ಲುಗಳಿಂದ ನನ್ನನ್ನು ಕಟ್ಟಿದ. ಒಂದರ ಮೈ, ಇನ್ನೊಂದರ ಗಾಲಿ, ಮತ್ತೊಂದರ ಬಾಗಿದ ಹ್ಯಾಂಡಲ್ಲು. ಹಾಗಾಗಿ ಹುಟ್ಟಿನಿಂದಲೇ ನನಗೆ ಅಂಜಿಕೆ. ಯಾವ ಭಾಗ ಯಾವಾಗ ಇನ್ನೊಂದರ ಮಾತು ಕೇಳುವುದನ್ನು ಬಿಟ್ಟೀತೋ ಎಂದು.

ಮೊದಲು ನನ್ನನ್ನು ಏರಿದವನು ಶಿವಪುತ್ರ. ನಮ್ಮ ಕಡೆ ಬೆಟ್ಟವಿಲ್ಲ, ಆದರೆ ದಾರಿ ಸುಮ್ಮನೆ ಮಲಗಿರುವುದೂ ಇಲ್ಲ. ಕಪ್ಪು ಎರಿಹೊಲಗಳ ನಡುವೆ ಮೆಲ್ಲಗೆ ಏರುತ್ತದೆ, ಇಳಿಯುತ್ತದೆ, ಹಳ್ಳ ದಾಟಿ ಮತ್ತೆ ಏರುತ್ತದೆ. ಬಸ್ಸಿನಲ್ಲಿ ಕುಳಿತವರಿಗೆ ಆ ಏರು ಗೊತ್ತೇ ಆಗುವುದಿಲ್ಲ. ಅದು ತಿಳಿಯುವುದು ಪೆಡಲು ತುಳಿಯುವ ಕಾಲಿಗೆ. ಎಡಕ್ಕೆ ಬಿಳಿಜೋಳ, ಬಲಕ್ಕೆ ಕುಸುಬೆ, ಕೊನೆಯಲ್ಲಿ ಜಾಲಿಮರದ ಇಳುಕಲು. ಅಲ್ಲಿ ತುಳಿಯುವ ಕೆಲಸವೇ ಇಲ್ಲ. ಗಾಳಿಗೆ ಎದೆ ಕೊಟ್ಟು ಕುಳಿತರೆ ಪಕ್ಕದೂರು ತಾನಾಗಿಯೇ ಬಂದುಬಿಡುತ್ತದೆ.

ಶಿವಪುತ್ರನಿಗೆ ರೇಸು ಗೆದ್ದ ಹೆಸರಿನ ಮೇಲೆ ರೈಲ್ವೆಯಲ್ಲಿ ನೌಕರಿಯಾಯಿತು. ಹೋಗುವಾಗ ನನ್ನನ್ನು ಚಿಕ್ಕಪ್ಪನ ಮಗಳು ದಾನಮ್ಮನಿಗೆ ಕೊಟ್ಟ. ಶಾವಂತ್ರೆವ್ವ ಅವಳ ತಾಯಿ. ಗಂಡ ಲಾರಿ ಓಡಿಸುತ್ತಾನೆ. ಫೋನು ಸದ್ದು ಮಾಡಿದರೆ ಸಾಕು, ಶಾವಂತ್ರೆವ್ವ ಮೊದಲು ದೇವರ ಕಡೆ ನೋಡಿ ಆಮೇಲೆ ಎತ್ತುತ್ತಾಳೆ. ಅಂಥವಳ ಮಗಳೂ ರಸ್ತೆಗೆ ಇಳಿದಳು! "ಕಾಲುವಿ ದಾರೀಲೆ ಅಷ್ಟ ಹೋಗಬೇಕು, ಅಲ್ಲಿ ಏರಿಲ್ಲ ಇಳುಕಲಿಲ್ಲ" ಎಂದು ಮಗಳಿಂದ ಮಾತು ತೆಗೆದುಕೊಂಡಳು. ದಾನಮ್ಮ ಮಾತು ಕೊಟ್ಟಳು. ಓಣಿ ದಾಟಿದ ಮೇಲೆ ನನ್ನ ಹ್ಯಾಂಡಲ್ಲನ್ನು ಏರಿನ ಕಡೆಗೇ ತಿರುಗಿಸಿದಳು. ನನಗೆ ದಿನವೂ ಭಯ.

ಹಾಗೆ ತುಳಿದು ತುಳಿದೇ ಅವಳಿಗೆ ಕ್ರೀಡಾ ಹಾಸ್ಟೆಲ್ಲಿನಲ್ಲಿ ಜಾಗ ಸಿಕ್ಕಿತು. ಶಾವಂತ್ರೆವ್ವ ತನ್ನ ಕೈಯಾರೆ, ಅಕ್ಷರ ಅಕ್ಷರವನ್ನೂ ತಿದ್ದಿ, ಒಪ್ಪಿಗೆಯ ಕಾಗದ ಬರೆದಳು. ಅದನ್ನು ಟಪಾಲಿಗೆ ಹಾಕುವ ಮೊದಲೇ ನಾವು ಬಿದ್ದೆವು.

ನಮ್ಮ ಕಡೆ ಸುಗ್ಗಿಯಲ್ಲಿ ಟಾರು ರಸ್ತೆಯೇ ಕಣ. ಕಿತ್ತ ಬೆಳೆಯನ್ನು ರಸ್ತೆಯ ಮೇಲೆ ಹರವಿದರೆ ಬಸ್ಸು, ಟ್ರ್ಯಾಕ್ಟರು ಹಾಯ್ದು ಕಾಳು ಬಿಡಿಸಿಕೊಡುತ್ತವೆ. ಅಂದು ಜಾಲಿಮರದ ಇಳುಕಲಿನಲ್ಲಿ ಹುರುಳಿ ಹರವಿತ್ತು. ಗಾಳಿಯ ವೇಗದಲ್ಲಿ ಬಂದೆವು. ಹೊಟ್ಟಿನ ಕೆಳಗಿನ ಕಾಳು ಉರುಳಿತು, ನನ್ನ ಗಾಲಿ ಜಾರಿತು. ದಾನಮ್ಮ ಹೆಗಲೂರಿ ಬಿದ್ದಳು. ಎದ್ದವಳು ಒಂದು ಹಿಡಿ ಕಾಳು ತೆಗೆದು ನೋಡಿದಳು. ಕರಿ ಹುರುಳಿ. ಅದರ ಬೀಜ ಶಾವಂತ್ರೆವ್ವನ ತವರಿನಿಂದ ಸೆರಗಿನಲ್ಲಿ ಬಂದದ್ದು, ಊರಿನಲ್ಲಿ ಬೇರೆ ಯಾರ ಹೊಲದಲ್ಲೂ ಇಲ್ಲ. ಮಗಳು ಕಾಲುವೆಯ ಕಡೆ ಇದ್ದಾಳೆಂದು ನಂಬಿ, ಕಾಳು ಚೆನ್ನಾಗಿ ಬಿಡಲೆಂದು ಅವಳೇ ಇಲ್ಲಿ ಹರವಿ, ಮೊರ ತರಲು ಮನೆಗೆ ಹೋಗಿದ್ದಳು.

ದಾನಮ್ಮ ಒಂದು ಕೈ ಜೋತುಬಿದ್ದಿದ್ದರೂ ಕೆದರಿದ ಹುರುಳಿಯನ್ನು ಕಾಲಿನಿಂದ ಮೊದಲಿನಂತೆ ಸರಿಮಾಡಿದಳು. ಆಮೇಲೆ ನನ್ನನ್ನು ನೂಕಿಕೊಂಡು ಮನೆಗೆ ಬಂದು, ಕಾಲುವೆ ದಾರಿಯಲ್ಲಿ ನಾಯಿ ಅಡ್ಡ ಬಂತೆಂದಳು.

ಮೂಳೆ ಕೂಡಿತು. ಆದರೆ ಶಾವಂತ್ರೆವ್ವನ ಮನಸ್ಸು ಕೂಡಲಿಲ್ಲ. ಸಮ ದಾರಿಯಲ್ಲೇ ಮಗಳನ್ನು ಕೆಡವಿದ ಈ ಕಬ್ಬಿಣದ ಜಾತಿ ಬೇರೆ ಊರಿನಲ್ಲಿ ಏನು ಮಾಡೀತು? ಕಾಗದ ಗೋಡೆಯ ಮಾಡದಲ್ಲಿ ಉಳಿಯಿತು. ಹಾಸ್ಟೆಲ್ಲಿನ ಮಾಸ್ತರರು ಮತ್ತೆ ಮತ್ತೆ ಫೋನು ಮಾಡಿ, ಕಾಗದ ಬರದಿದ್ದರೆ ಜಾಗ ಬೇರೆಯವರಿಗೆ ಹೋಗುತ್ತದೆ ಎಂದರು. ದಾನಮ್ಮ ಬಾಯಿ ಬಿಡಲಿಲ್ಲ. ನನಗಂತೂ ಬಾಯಿಲ್ಲ.

ಈಗ ಸೀರೆಯ ಚೂರು ಚೈನಿನಿಂದ ಬ್ರೇಕಿಗೆ ಬಂತು. ಅಲ್ಲಿಯೇ ನಿಂತಿತು. ಶಾವಂತ್ರೆವ್ವ ಬ್ರೇಕಿನ ಸಂದಿಗೆ ತಲೆಯ ಪಿನ್ನು ಹಾಕಿ ಏನನ್ನೋ ಕೆದಕಿ ಅಂಗೈ ಮೇಲಿಟ್ಟುಕೊಂಡಳು. ಒಂದು ಒಣ ಕಾಯಿ, ಎರಡು ಕರಿ ಕಾಳು.

"ದಾನೀ, ಬಾ ಇಲ್ಲಿ. ನೀ ಎಲ್ಲಿ ಬಿದ್ದಿದ್ದಿ?"

ದಾನಮ್ಮ ರೊಟ್ಟಿಯ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಹೇಳೀನಲ್ಲಬೇ, ಕಾಲುವಿ ದಾರ್ಯಾಗ. ನಾಯಿ ಅಡ್ಡ ಬಂತು."

"ನಾಯಿ ಹುರಳಿ ಮೇಯಾಕ ಬಂದಿತ್ತೇನು?"

ದಾನಮ್ಮ ಅಂಗೈ ನೋಡಿದಳು. "ಏರ ತುಳೀದಿದ್ರ ಕಾಲು ತಯಾರಾಗೂದಿಲ್ಲ ಯವ್ವಾ. ಮಾತು ಮುರಿದೆ."

"ಅದಿರಲಿ. ನನ್ನ ಹುರಳಿ ಮ್ಯಾಲ ಬಿದ್ದೆ ಅಂತ ಯಾಕ ಹೇಳಲಿಲ್ಲ?"

"ಹೇಳಿದ್ರ ನಿನಗ ತುತ್ತು ಇಳೀತಿತ್ತೇನು?"

ಶಾವಂತ್ರೆವ್ವ ನೆಲಕ್ಕೆ ಕುಳಿತಳು. ಆ ಕಾಳುಗಳನ್ನು ಸೆರಗಿನ ತುದಿಗೆ ಗಂಟು ಹಾಕಿದಳು. ಅಷ್ಟರಲ್ಲಿ ದಸ್ತಗೀರನ ಗಾಡಿ ಬಾಗಿಲಿಗೆ ಬಂದೇ ಬಂತು. ನನ್ನ ಜೀವ ಪೆಡಲಿಗೆ ಇಳಿಯಿತು.

"ಅಕ್ಕಾರ, ಸೈಕಲ್ ಒಯ್ಲೇನ್ರಿ?"

"ತೂತಿನ ಕೊಡ ಐತಿ, ಅದನ್ನ ಒಯ್ಯಪಾ."

"ಸೈಕಲ್ ಅಂದಿದ್ರಲ್ಲಾ!"

"ಅಂದಿದ್ದೆ. ಒರಸಿ ನೋಡಿದೆ, ತಪ್ಪು ಅದರದಲ್ಲ."

ಅವನು ತಲೆ ಕೆರೆದುಕೊಂಡು ಕೊಡ ಹೊತ್ತು ಹೋದ. ಶಾವಂತ್ರೆವ್ವ ಮಾಡದಿಂದ ಕಾಗದ ತೆಗೆದು, ಧೂಳು ಊದಿ, ಮಗಳ ಕೈಗೆ ಕೊಟ್ಟಳು. ಟಪಾಲ ಪೆಟ್ಟಿಗೆ ಇರುವುದು ಪಕ್ಕದೂರಿನಲ್ಲಿ.

"ಕಾಲುವಿ ದಾರೀಲೆ ಹೋಗ್ತೀನಿ" ಎಂದಳು ದಾನಮ್ಮ.

"ಬ್ಯಾಡ. ಜಾಲಿ ಇಳುಕಲಾಗ ಹೋಗು. ನಾ ಮುಂದ ಹೋಗಿರ್ತೀನಿ. ಕೈ ಮಾಡಿದ ಮ್ಯಾಲ ಇಳಿ." ಕಸಬರಿಗೆ ಹಿಡಿದು ಅವಳು ನಡೆದೇಬಿಟ್ಟಳು.

ನಾವು ದಿಬ್ಬದ ನೆತ್ತಿಗೆ ಬಂದಾಗ ಕೆಳಗೆ ಜಗಳ ನಡೆದಿತ್ತು. ಕಲ್ಲಪ್ಪ ಹರವಿದ ಕಡಲೆಯನ್ನು ಶಾವಂತ್ರೆವ್ವ ರಸ್ತೆಯ ಅಂಚಿಗೆ ಗುಡಿಸುತ್ತಿದ್ದಳು.

"ಏ ಶಾವಂತ್ರೀ, ರಸ್ತೆ ನಿಮ್ಮಪ್ಪಂದೇನಬೇ?"

"ನಮ್ಮಪ್ಪಂದಲ್ಲೋ ಕಲ್ಲಪ್ಪಾ. ಒಂದು ಗಳಿಗಿ ನನ್ನ ಮಗಳದು. ಆಮ್ಯಾಲ ಹರವಾಕ ನಾನೂ ಕೈ ಹಚ್ತೀನಿ."

ಅವನು ಗೊಣಗುತ್ತ ದಾರಿ ಬಿಟ್ಟ. ಅವಳು ಬಗ್ಗಿ ರಸ್ತೆಯನ್ನು ಅಂಗೈಯಿಂದ ಸವರಿ ನೋಡಿ, ಎದ್ದು, ಕೈ ಮಾಡಿದಳು.

ಇಳಿದೆವು. ನನ್ನ ಮುಂಗಾಲಿ ಪ್ರತಿ ಕಲ್ಲಿಗೂ ಹೆದರಿತು. ದಾನಮ್ಮನ ಬೆರಳು ಬ್ರೇಕಿನ ಮೇಲೆಯೇ ಇತ್ತು, ಆದರೆ ಒತ್ತಲಿಲ್ಲ. ಶಾವಂತ್ರೆವ್ವ ಕಸಬರಿಗೆಯನ್ನು ಎದೆಗೊತ್ತಿಕೊಂಡು ನಿಂತಿದ್ದಳು. ಕಣ್ಣು ಮುಚ್ಚಿರಲಿಲ್ಲ. ಅವಳ ಸೆರಗು ನಮ್ಮ ಗಾಳಿಗೆ ಹಾರಿತು.

ಪಕ್ಕದೂರಿನ ಗೋಡೆಗೆ ಒರಗಿ ನಿಂತಾಗ ನನಗೊಂದು ಮಾತು ಹೊಳೆಯಿತು. ಹಾಸ್ಟೆಲ್ಲಿನಲ್ಲಿ ಅವಳಿಗೆ ಹೊಸ ಸೈಕಲ್ಲು ಕೊಡುತ್ತಾರೆ. ಗುಜರಿಗೆ ಹೋಗುವುದು ತಪ್ಪಿದ ನಾನು ದನದ ಕೊಟ್ಟಿಗೆಯ ಮೂಲೆಯಲ್ಲಿ, ಹ್ಯಾಂಡಲ್ಲಿಗೆ ಉಳ್ಳಾಗಡ್ಡಿಯ ಚೀಲ ತೂಗಿಸಿಕೊಂಡು ಮುದಿಯಾಗುತ್ತೇನೆ. ಅಲ್ಲಿಯೂ ನಾನು ಅಂಜುತ್ತಲೇ ಇರುತ್ತೇನೆ. ಈಗ ಯಾವ ಏರಿನಲ್ಲಿದ್ದಾಳೋ, ಯಾವ ಇಳುಕಲಿನಲ್ಲಿ ಯಾರು ಏನು ಹರವಿದ್ದಾರೋ ಎಂದು. ಶಾವಂತ್ರೆವ್ವನೂ ಹಾಗೆಯೇ ಅಂಜುವಳು. ಒಬ್ಬರಿಗೊಬ್ಬರು ಜೊತೆಯಾದೇವು.

ದಾನಮ್ಮ ಕಾಗದವನ್ನು ಪೆಟ್ಟಿಗೆಯ ಬಾಯಲ್ಲಿ ಅರ್ಧ ಇಟ್ಟು ಹಿಂದಿರುಗಿ ನೋಡಿದಳು. ದೂರದ ಇಳುಕಲಿನಲ್ಲಿ ಅವಳ ತಾಯಿ ಕಲ್ಲಪ್ಪನ ಜೊತೆ ಬಗ್ಗಿ ಕಡಲೆ ಹರವುತ್ತಿದ್ದಳು. ನೆಟ್ಟಗಾಗಿ, ಇತ್ತ ನೋಡಿ, ಮತ್ತೊಮ್ಮೆ ಕೈ ಮಾಡಿದಳು.

ದಾನಮ್ಮ ಬೆರಳು ಸಡಿಲಿಸಿದಳು. ಕಾಗದ ಒಳಗೆ ಬಿದ್ದ ಸಪ್ಪಳ ನನಗೆ ಕೇಳಿಸಿತು.