ಕುಂಕುಮ ಹಚ್ಚಿದ ಟೈಮ್‌ಬುಕ್ಕು

ನಾನು ಸ್ಟೇರಿಂಗ್ ಹಿಡಿದವನಲ್ಲ. ಲಾರಿಯೊಳಗೆ ಕೂತರೆ ಮಿರಜ ಮುಟ್ಟುವುದರೊಳಗೆ ವಾಂತಿ ಮಾಡಿಕೊಳ್ಳುವ ಗಿರಾಕಿ. ಆದರೂ ಹನ್ನೊಂದು ವರ್ಷ ಐದು ಲಾರಿಗಳನ್ನು ನಾನೊಬ್ಬನೇ ಓಡಿಸಿದ್ದೇನೆ. ಕಾಗವಾಡದಲ್ಲಿ, ಬಾಪುಸಾಹೇಬರ ಟ್ರಾನ್ಸ್‌ಪೋರ್ಟ್ ಆಫೀಸಿನ ಕುರ್ಚಿಯ ಮೇಲೆ ಕೂತು, ಕಾಗದದ ಮೇಲೆ. ಅಲ್ಲಿ ನಾನು ಕಾರಕೂನ, ಹೆಸರು ಅಣ್ಣಾಸಾಬ.

ಕಾಯ್ದೆ ಹೀಗಿತ್ತು: ಡ್ರೈವರ್ ದಿನಕ್ಕೆ ಎಂಟೇ ತಾಸು ದುಡಿಯಬೇಕು, ಐದು ತಾಸಾದರೆ ಅರ್ಧ ತಾಸು ವಿಶ್ರಾಂತಿ, ವಾರಕ್ಕೊಂದು ರಜೆ. ಎಷ್ಟು ಹೊತ್ತಿಗೆ ಹೊರಟ, ಎಷ್ಟು ಹೊತ್ತಿಗೆ ನಿಂತ ಎಂದು ಅವನ ಟೈಮ್‌ಬುಕ್ಕಿನಲ್ಲಿ ದಿನಾ ಬರೆಯಬೇಕು. ದಿನಾ ಬರೆಯಲು ನನಗೇನು ಹುಚ್ಚೇ? ತಿಂಗಳ ಕೊನೆಗೆ ಒಂದು ಪ್ಲೇಟು ಭಜಿ ತರಿಸಿಕೊಂಡು ಐದೂ ಬುಕ್ಕು ಒಂದೇ ಸಲಕ್ಕೆ ಬರೆದು ಕೈ ತೊಳೆಯುತ್ತಿದ್ದೆ. ನನ್ನ ಬುಕ್ಕಿನ ಡ್ರೈವರುಗಳು ಸಾಲಿ ಮಾಸ್ತರರ ಹಾಗೆ ಒಂಬತ್ತಕ್ಕೆ ಹೊರಟು, ಒಂದಕ್ಕೆ ಉಂಡು, ಆರಕ್ಕೆ ಲಾರಿ ನಿಲ್ಲಿಸುತ್ತಿದ್ದರು. ನಿಜವಾದ ಡ್ರೈವರುಗಳು ಬೆಲ್ಲ ಹೇರಿಕೊಂಡು ಬೆಂಗಳೂರಿಗೆ ಹೋಗಿ, ಕಣ್ಣಿಗೆ ತಣ್ಣೀರು ಹೊಡೆದುಕೊಳ್ಳುತ್ತ ಮರಳಿ ಬಂದು, ಎಂಜಿನ್ ಆರುವ ಮೊದಲೇ ಮತ್ತೊಂದು ಲೋಡಿಗೆ ಐನಾಪುರಕ್ಕೆ ಓಡುತ್ತಿದ್ದರು.

ತೊಂಬತ್ತೊಂದರ ದಸರೆಯ ಹೊತ್ತಿಗೆ ಒಂದು ಸುದ್ದಿ ಬಂತು. ಎಲ್ಲೋ ಒಂದು ಟ್ರಾನ್ಸ್‌ಪೋರ್ಟ್‌ನಲ್ಲಿ ಎಲ್ಲ ಬುಕ್ಕಿನಲ್ಲೂ ಒಂದೇ ಕೈಬರಹ ಕಂಡು ಇನ್‌ಸ್ಪೆಕ್ಟರ್ ಕೇಸು ಹಾಕಿದ್ದರಂತೆ. ಬಾಪುಸಾಹೇಬರು ಬೆವರಿದರು.

“ಲೇ ಅಣ್ಣ್ಯಾ, ಇನ್ನ ಮ್ಯಾಲ ಒಂದೊಂದು ಬುಕ್ಕ ಒಂದೊಂದು ಡ್ರೈವರನ ಮನ್ಯಾಗ ಬರಸು. ನೀ ಬರದದ್ದ ನೋಡಿ ನಕಲ್ ಹೊಡೀಲಿ.”

ತಿಂಗಳು ಅರ್ಧವೇ ಮುಗಿದಿತ್ತು. ಆದರೂ ನಾನು ಅಕ್ಟೋಬರಿನ ಪುಟ ಪೂರ್ತಿ ತುಂಬಿ, ಅದರ ನಕಲು ತೆಗೆದು, ಒಂದೊಂದು ಖಾಲಿ ಬುಕ್ಕಿನ ಜೊತೆ, “ನವೆಂಬರದಿಂದ ಹಿಂಗ ಬರೀರಿ” ಎಂದು ಐದೂ ಮನೆಗೆ ಹಂಚಲು ಹೊರಟೆ.

ಐದನೆಯ ಮನೆ ಭರಮುವಿನದು. ಒಂಬತ್ತು ವರ್ಷದಿಂದ ನಮ್ಮಲ್ಲಿ ಡ್ರೈವರ್. ಎಂಜಿನ್ ಸದ್ದು ಕೇಳಿಯೇ ರೋಗ ಹೇಳುವ ಜಾಣ, ಆದರೆ ಅಕ್ಷರ ಬಾರದು. ಹೆಂಡತಿ ತಾರವ್ವ ಏಳನೆಯ ಇಯತ್ತೆ ಪಾಸು. ತೋಟದ ಅಂಚಿನ ಅವರ ಮನೆಗೆ ನಾನು ವಾರಕ್ಕೆರಡು ಸಲವಾದರೂ ಹೋಗುತ್ತಿದ್ದೆ, “ಭರಮು ಇವತ್ತೂ ಬರೂದಿಲ್ಲ” ಎಂಬ ನಿರೋಪ ಹೇಳಲು. ಹಾಗಾಗಿ ಅವರ ನಾಯಿ ಕಾಳ್ಯಾ ನನ್ನನ್ನು ಕಂಡರೆ ಬಾಲ ಅಲ್ಲಾಡಿಸುತ್ತಿತ್ತು. ಆ ದಿನ ನಾನು ಅಂಗಳದಲ್ಲಿದ್ದಾಗಲೇ ಭರಮು ನಾಲ್ಕು ದಿನದ ಮೇಲೆ ಬಂದ. ಕಾಳ್ಯಾ ಹಲ್ಲು ಕಿಸಿದು ಅವನ ಮೇಲೆ ಏರಿಹೋಯಿತು.

“ಮನಿ ಯಜಮಾನಗ ಬೊಗಳತೈತೆಲ್ಲೋ!” ಎಂದು ನಾನು ಬಿದ್ದು ಬಿದ್ದು ನಕ್ಕೆ.

ತಾರವ್ವ ನಗಲಿಲ್ಲ. “ಅದರದೇನ ತಪ್ಪ ಐತ್ರಿ ಅಣ್ಣಾರ? ಅದು ಇವರನ್ನ ನೋಡಿದ್ದರ ಎಷ್ಟ ಸಲ?”

ಅಂದು ಖಂಡೇನವಮಿ, ಆಯುಧಪೂಜೆಯ ದಿನ. ಕುಡಗೋಲು, ಕೊಡಲಿ, ಲಾರಿಯ ಜಾಕು ಎಲ್ಲ ದೀಪದ ಮುಂದೆ ಕೂತಿದ್ದವು. ಆಕೆ ನನ್ನ ಕೈಯಿಂದ ಬುಕ್ಕು ತೆಗೆದುಕೊಂಡು ಅವುಗಳ ನಡುವೆ ಇಟ್ಟಳು. ಅರಿಶಿನ ಕುಂಕುಮ ಹಚ್ಚಿ, ಮೊದಲ ಪುಟದ ಮೇಲೆ ‘ಶ್ರೀ’ ಬರೆದು, ಕಣ್ಣಿಗೆ ಒತ್ತಿಕೊಂಡಳು. ನನಗೆ ಆಗಲೇ ತಿಳಿಯಬೇಕಿತ್ತು. ಆದರೆ ಪ್ರಸಾದದ ಹೋಳಿಗೆ ಬಂತು, ತಿಳಿವಳಿಕೆ ಹಿಂದೆ ಬಿತ್ತು.

ನವೆಂಬರ್ ಮುಗಿಯಿತು. ಡಿಸೆಂಬರ್ ಎರಡಕ್ಕೆ ಇನ್‌ಸ್ಪೆಕ್ಟರ್ ಬರುತ್ತಾರೆಂದು ಗೊತ್ತಾಗಿ, ಹಿಂದಿನ ದಿನ ಬುಕ್ಕುಗಳನ್ನು ತರಿಸಿದೆ. ನಾಲ್ಕು ಬುಕ್ಕಿನಲ್ಲಿ ನಾಲ್ಕು ಥರದ ಅಕ್ಷರ, ಎಲ್ಲದರಲ್ಲೂ ಒಂಬತ್ತರಿಂದ ಆರು. ಖುಷಿಯಿಂದ ಪಕ್ಕಕ್ಕಿಟ್ಟು ಐದನೆಯದನ್ನು ತೆರೆದೆ.

ಡ್ರೈವರನ ಹೆಸರು ಎಂಬಲ್ಲಿ ‘ನಮ್ಮ ಮನಿಯವರು’ ಎಂದಿತ್ತು. ಗಂಡನ ಹೆಸರು ಹೇಳಬಾರದಲ್ಲ! ಕೆಳಗೆ ಹೀಗಿತ್ತು:

‘ತಾರೀಖು 4: ನಸುಕಿನ ಭೋಂಗಾಕ್ಕ ಹೋದರು. ತಾರೀಖು 5: ಬಂದಿಲ್ಲ. ತಾರೀಖು 6: ಮಧ್ಯಾಹ್ನದ ಭೋಂಗಾಕ್ಕ ಬಂದರು. ತಾಟಿನ ಮುಂದ ಕುಂತಲ್ಲೇ ನಿದ್ದಿ ಹತ್ತಿತು. ಸಂಜಿಕ ಮತ್ತ ಹೋದರು.’

ಅವರ ಮನೆಯಲ್ಲಿ ಗಡಿಯಾರವಿಲ್ಲ. ಸಕ್ಕರೆ ಕಾರ್ಖಾನೆಯ ಪಾಳಿ ಬದಲಾದಾಗ ಕೂಗುವ ಭೋಂಗಾವೇ ಅವರ ಗಡಿಯಾರ, ಎಂಟು ತಾಸಿಗೊಂದು ಕೂಗು. ಒಟ್ಟು ತಾಸು ಎಂಬಲ್ಲಿ ಆಕೆ ಬರೆದಿದ್ದಳು: ‘ಕಾರ್ಖಾನ್ಯಾಗ ಒಂದು ಭೋಂಗಾಕ್ಕ ಆಳು ಬದಲಿ. ಇಲ್ಲಿ ಏಳು ಭೋಂಗಾಕ್ಕ ಇವರೊಬ್ಬರ.’ ವಾರದ ರಜೆ ಎಂಬಲ್ಲಿ ನಾಲ್ಕು ಸಲ ‘ಇಲ್ಲ’. ಅದರ ಕೆಳಗೆ: ‘ಬುಕ್ಕಿನ ಹಿಂದ ಛಾಪಿಸಿದ ಕಾಯ್ದೆ ಓದೇನಿ. ನಮಗ ನಾಕು ದಿನ ಬರೋದು ಬಾಕಿ ಐತಿ.’

ಬಾಪುಸಾಹೇಬರು ಓದಿ ಹರಿಹಾಯ್ದರು. “ಸಂಜಿ ಒಳಗ ಹೊಸಾ ಬುಕ್ಕ ಬರಸು. ಬರೀಲಿಲ್ಲಂದ್ರ ಭರಮೂನ ಕಡಿಂದ ಲಾರಿ ಚಾವಿ ಇಸ್ಕೊಂಡ ಬಾ. ಅವನ ನೌಕರಿ ಮುಗೀತು!”

ಹೊಸ ಬುಕ್ಕು ಹಿಡಿದು ಓಡಿದೆ. ಕಾಳ್ಯಾ ಬಾಲ ಅಲ್ಲಾಡಿಸಿತು.

“ತಂಗಿ, ಒಂಬತ್ತರಿಂದ ಆರು ಅಂತ ಗೀಚಿ ಒಗಿ. ನೌಕರಿ ಹೊಕ್ಕೈತಿ,” ಎಂದು ಗೋಗರೆದೆ.

“ಪೂಜಿ ಆದ ಬುಕ್ಕರಿ ಅದು, ಅಣ್ಣಾರ. ಅದನ್ನ ಬಿಟ್ಟು ಇದರಾಗ ಸುಳ್ಳ ಬರದು, ಈ ಬುಕ್ಕ ಇಟಗೊಂಡು ಇವರು ಗಾಡಿ ಹತ್ತಿದ್ರ ನನ್ನ ಜೀವ ನಿಂದರತೈತೇನ್ರಿ?”

ಭರಮು ಆಗಷ್ಟೇ ಬಂದು ಗೋಡೆಗೆ ಒರಗಿದ್ದ. ಕಣ್ಣು ಕೆಂಪಾಗಿದ್ದವು. ಉಡಿದಾರಕ್ಕೆ ಕಟ್ಟಿದ್ದ ಚಾವಿ ಬಿಚ್ಚಿ ನನ್ನ ಅಂಗೈಯಲ್ಲಿಟ್ಟ. “ಆಕಿ ಬರದದ್ದು ಖರೇ ಐತ್ರಿ. ತೊಗೊಂಡ ಹೋಗ್ರಿ.” ಆಮೇಲೆ ಆ ಖಾಲಿ ಉಡಿದಾರವನ್ನು ಸುಮ್ಮನೆ ಸವರಿಕೊಂಡ. ನನಗೆ ನಾಚಿಕೆಯಾಯಿತು. ಒಂಬತ್ತು ವರ್ಷ ಭಜಿ ತಿನ್ನುತ್ತ ಇವನ ನಿದ್ದೆಗೆಟ್ಟ ರಾತ್ರಿಗಳನ್ನು ಬುಕ್ಕಿನಿಂದ ನಾನೇ ಒರೆಸಿ ಹಾಕಿದ್ದೆ.

ಮರುದಿನ ಇನ್‌ಸ್ಪೆಕ್ಟರ್ ಬಂದರು. ಸಣ್ಣ ಆಳು, ದಪ್ಪ ಚಷ್ಮಾ. ಐದನೆಯ ಬುಕ್ಕನ್ನು ಮೇಜಿನ ಖಾನೆಯೊಳಗೆ ತುರುಕಿ, ಆ ಲಾರಿ ರಿಪೇರಿಗೆ ಹೋಗಿದೆ ಎನ್ನಬೇಕೆಂದು ಬಾಪುಸಾಹೇಬರು ತಾಕೀತು ಮಾಡಿದ್ದರು. ಇನ್‌ಸ್ಪೆಕ್ಟರು ಒಂದು ಬುಕ್ಕು ನೋಡಿದರು, ಎರಡು ನೋಡಿದರು, ನಾಲ್ಕೂ ನೋಡಿದರು. ಆಮೇಲೆ ಚಷ್ಮಾ ತೆಗೆದರು.

“ಕಾರಕೂನ್ರ, ನವೆಂಬರಕ್ಕ ಎಷ್ಟ ದಿನಾರಿ?”

ನಾನು ಮುಷ್ಟಿ ಹಿಡಿದು ಬೆರಳಿನ ಗಂಟು ಎಣಿಸುತ್ತ ಹೋದೆ. ನವೆಂಬರ್ ತಗ್ಗಿನಲ್ಲಿ ಬಿತ್ತು. ಅದರ ಜೊತೆಗೆ ನನ್ನ ಎದೆಯೂ ಬಿತ್ತು.

“ಮೂವತ್ತರಿ.”

“ನಿಮ್ಮ ನಾಕೂ ಲಾರಿ ಮೂವತ್ತೊಂದನೇ ತಾರೀಖ ಒಂಬತ್ತಕ್ಕ ಹೊಂಟಾವಲ್ರಿ! ಮತ್ತ ರಜಾ ನೋಡ್ರಿ, ಆರು, ಹದಿಮೂರು, ಇಪ್ಪತ್ತು, ಇಪ್ಪತ್ತೇಳು. ಕಾಗವಾಡದಾಗ ರವಿವಾರ ಬುಧವಾರಕ್ಕ ಬರತೈತೇನು?”

ಪಾಪ, ನಾಲ್ಕೂ ಮನೆಯವರು ನನ್ನ ಅಕ್ಟೋಬರನ್ನು ಒಂದು ಚುಕ್ಕಿಯೂ ಬಿಡದೆ ನಕಲು ಹೊಡೆದಿದ್ದರು. ನಾನು ನೋಡಿದ್ದು ಕೈಬರಹ ಮಾತ್ರ, ತಾರೀಖು ನೋಡಿರಲೇ ಇಲ್ಲ. ಬಾಪುಸಾಹೇಬರು ಸೂರು ನೋಡತೊಡಗಿದರು. ಹೇಗೂ ಮುಳುಗಿದ್ದಾಯಿತು, ಮುಳುಗಿದವನಿಗೆ ಚಳಿಯೇನು ಮಳೆಯೇನು? ಖಾನೆ ಎಳೆದು ಕುಂಕುಮದ ಬುಕ್ಕನ್ನು ಮೇಜಿನ ಮೇಲಿಟ್ಟೆ.

‘ನಮ್ಮ ಮನಿಯವರು’ ಓದಿ ಇನ್‌ಸ್ಪೆಕ್ಟರು ಕಣ್ಣೀರು ಬರುವಂತೆ ನಕ್ಕರು. ಏಳು ಭೋಂಗಾದ ಹತ್ತಿರ ಬಂದಾಗ ನಗು ನಿಂತಿತು. ಮತ್ತೆ ಮೊದಲಿಂದ ಓದಿದರು.

“ಸಾವಕಾರ್ರ, ಐದರಾಗ ಖರೇ ಬುಕ್ಕ ಇದೊಂದರಿ. ಬೆಂಗಳೂರ ಗಾಡಿಗೆ ಇಬ್ಬರು ಡ್ರೈವರ್ ಹಾಕ್ರಿ. ಎಲ್ಲಾರಿಗೂ ವಾರಕ್ಕೊಂದು ರಜಾ ಕೊಡ್ರಿ. ಫೆಬ್ರುವರಿಗೆ ಮತ್ತ ಬರತೀನಿ, ಆವಾಗ ಈ ಬುಕ್ಕ ಈ ಹೆಣ್ಣಮಗಳ ಅಕ್ಷರದಾಗ ನನ್ನ ಮುಂದ ಇರಬೇಕು. ಈ ಡ್ರೈವರ್ ಇಲ್ಲಿ ಇರಲಿಲ್ಲಂದ್ರ ಆ ಮೂವತ್ತೊಂದನೇ ತಾರೀಖಿನ ಕೇಸ್ ಹಾಕತೀನಿ.”

ಬಾಪುಸಾಹೇಬರು ಕೈ ಮುಗಿದರು. ಇನ್‌ಸ್ಪೆಕ್ಟರ ಜೀಪು ಹೊರಟ ಕೂಡಲೇ, “ನಿನ್ನ ಅಕ್ಟೋಬರಕ್ಕ ಬೆಂಕಿ ಹಚ್ಚಲಿ!” ಎಂದು ನನ್ನನ್ನು ಮನಸಾರೆ ಬೈದರು. ಅಷ್ಟೂ ಬೈಗುಳ ಕೇಳಿಸಿಕೊಂಡು, ಚಾವಿ ಜೇಬಿಗಿಟ್ಟುಕೊಂಡು, ಐವತ್ತು ದಾಟಿದ ಪ್ರಾಯದಲ್ಲಿ ಕಬ್ಬಿನ ಬದುವಿನ ಮೇಲೆ ಓಡಿಯೇ ಓಡಿದೆ. ಭರಮು ಚಾವಿಯನ್ನು ಉಡಿದಾರಕ್ಕೆ ಕಟ್ಟಿಕೊಂಡ. ತಾರವ್ವ ಒಳಗಿನಿಂದ ಬೆಲ್ಲ ತಂದು ನನ್ನ ಬಾಯಿಗೇ ಹಾಕಿದಳು.

ಮೊದಲ ರವಿವಾರ ಭರಮುವಿಗೆ ಏನು ಮಾಡಬೇಕೆಂದೇ ತಿಳಿಯಲಿಲ್ಲವಂತೆ. ಮೂರು ಸಲ ಜಳಕ ಮಾಡಿದನಂತೆ. ಇಡೀ ದಿನ ಕಾಳ್ಯಾ ಬೊಗಳಿತಂತೆ. ಈ ಸುದ್ದಿ ನನಗೆ ಬುಕ್ಕಿನಿಂದಲೇ ತಿಳಿಯಿತು, ಏಕೆಂದರೆ ನಾನು ಆ ಕಡೆ ಹೋಗುವುದೇ ನಿಂತಿತ್ತು. ಭರಮು ಬರುವುದಿಲ್ಲ ಎಂದು ಹೇಳುವುದೇ ನನ್ನ ಕೆಲಸವಾಗಿತ್ತು, ಈಗ ಅವನು ಬರುತ್ತಿದ್ದನಲ್ಲ.

ಫೆಬ್ರುವರಿಯ ಒಂದು ರವಿವಾರ, ದ್ರಾಕ್ಷಿಯ ಸುಗ್ಗಿ ಜೋರಾಗಿದ್ದಾಗ, ಇನ್‌ಸ್ಪೆಕ್ಟರು ಬರುವ ಸುದ್ದಿ ಹೇಳಲು ಅವರ ಮನೆಗೆ ಹೋದೆ. ಭರಮು ಬೇವಿನ ಕೆಳಗೆ ಹೊರಸಿನ ಮೇಲೆ ಗೊರಕೆ ಹೊಡೆಯುತ್ತಿದ್ದ. ಅವನ ಪಾದಕ್ಕೆ ಗದ್ದ ಊರಿ ಕಾಳ್ಯಾ ಮಲಗಿತ್ತು. ನನ್ನ ಚಪ್ಪಲಿಯ ಸದ್ದಿಗೆ ಅದು ಎದ್ದಿತು, ಹಲ್ಲು ಕಿಸಿಯಿತು, ಬೊಗಳುತ್ತ ನನ್ನ ಮೇಲೆ ಏರಿಬಂತು.

“ಅಂಜಬ್ಯಾಡ್ರಿ ಅಣ್ಣಾರ,” ಎಂದು ತಾರವ್ವ ನಗುತ್ತ ಬಾಗಿಲಿಗೆ ಬಂದಳು. “ಅದಕ್ಕ ನೀವು ಹೊಸಬ್ರು.”

ಧೋತರ ಎತ್ತಿಕೊಂಡು ಓಡುತ್ತಿದ್ದ ನನಗೂ ನಗು ತಡೆಯಲಾಗಲಿಲ್ಲ.